ಬೇಸ್‌ಬಾಲ್ ಬ್ಯಾಟ್ ಹಿಡಿಯುವುದು ಹೇಗೆ? ಅಂಗೈ ಬಿಡಿ, ಬೆರಳಿಗೆ ಕೊಡಿ

ಮೈಸೂರು, ಮಂಡ್ಯ ಕಡೆ ಬೇಸ್‌ಬಾಲ್ ಅಥವಾ ಸಾಫ್ಟ್‌ಬಾಲ್ ಆಡಲು ಬರುವ ಮಕ್ಕಳಲ್ಲಿ ಹೆಚ್ಚಿನವರ ಕೈ ಆಗಲೇ ಕ್ರಿಕೆಟ್ ಬ್ಯಾಟಿಗೆ ಪಳಗಿರುತ್ತದೆ. ಇದರಿಂದ ಅನುಕೂಲವೂ ಇದೆ, ಚೆಂಡಿನ ಮೇಲೆ ಕಣ್ಣಿಡುವುದನ್ನು ಅವರಿಗೆ ಹೊಸದಾಗಿ ಕಲಿಸಬೇಕಿಲ್ಲ. ತೊಡಕೆಲ್ಲ ಹಿಡಿತದಲ್ಲಿ. ಕ್ರಿಕೆಟ್ ಬ್ಯಾಟಿನ ಮುಖ ಚಪ್ಪಟೆ, ಅಗಲ 4.25 ಇಂಚಿನವರೆಗೂ ಇರಬಹುದು. ಬೇಸ್‌ಬಾಲ್ ಬ್ಯಾಟು ದುಂಡು. ಅಮೆರಿಕದ ಮೇಜರ್ ಲೀಗ್ ನಿಯಮದ ಪ್ರಕಾರ ಅದರ ಅತಿ ದಪ್ಪ ಭಾಗದ ವ್ಯಾಸವೂ 2.61 ಇಂಚು ಮೀರುವಂತಿಲ್ಲ. ದುಂಡು ಬ್ಯಾಟಿನಲ್ಲಿ ದುಂಡು ಚೆಂಡಿಗೆ ಹೊಡೆಯುವಾಗ ಅರ್ಧ ಇಂಚು ಆಚೀಚೆ ಆದರೂ ಚೆಂಡು ನೆಲಕ್ಕೆ ಉರುಳುತ್ತದೆ, ಇಲ್ಲವೇ ಆಕಾಶಕ್ಕೆ ಏರುತ್ತದೆ.

ಇಷ್ಟೊಂದು ಸೂಕ್ಷ್ಮದ ಆಟದಲ್ಲಿ ಹೊಸಬರಿಗೆ ಮೈದಾನದ ಅಂಚಿನಿಂದ ಸಿಗುವ ಸಲಹೆ ಮಾತ್ರ ಒಂದೇ: ‘ಲೋ, ಗಟ್ಟಿಯಾಗಿ ಹಿಡ್ಕೊಳೋ!’ ಮೊದಲು ಕಿವಿಯಿಂದ ತೆಗೆದುಹಾಕಬೇಕಾದ ಮಾತು ಅದು.

ಯಾವ ಕೈ ಎಲ್ಲಿ?

ಬಲಗೈ ಆಟಗಾರರ ಎಡಗೈ ಹಿಡಿಕೆಯ ತುದಿಯ ಉಬ್ಬಿನ (ನಾಬ್) ಪಕ್ಕ ಇರಬೇಕು, ಬಲಗೈ ಅದಕ್ಕೆ ತಾಗಿಕೊಂಡು ಮೇಲೆ. ಕ್ರಿಕೆಟ್‌ನಲ್ಲೂ ಕ್ರಮ ಇದೇ. ಅಲ್ಲಿ ಬ್ಯಾಟು ನೆಲ ನೋಡುತ್ತದೆ, ಇಲ್ಲಿ ಹೆಗಲ ಮೇಲೆ ಎದ್ದು ನಿಲ್ಲುತ್ತದೆ, ಆದ್ದರಿಂದ ಅಲ್ಲಿಯ ಕೆಳಗೈ ಇಲ್ಲಿ ಮೇಲ್ಗೈ. ಕೈ ಅದಲುಬದಲಾಗಿದ್ದರೆ ನಾಚಿಕೊಳ್ಳಬೇಕಿಲ್ಲ. 755 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದ ಅಮೆರಿಕದ ಆಟಗಾರ ಹ್ಯಾಂಕ್ ಆರನ್ ಕೂಡ ಹುಡುಗನಾಗಿದ್ದಾಗ ಕೈ ಅಡ್ಡ ಹಾಕಿಯೇ ಆಡುತ್ತಿದ್ದರು. ಆಮೇಲೆ ತಿದ್ದಿಕೊಂಡರು.

ಬೆರಳ ಬುಡದಲ್ಲಿ ಕೂರಿಸಿ

ಬ್ಯಾಟನ್ನು ನೆಲಕ್ಕೆ ಊರಿ ನಿಲ್ಲಿಸಿ. ಅಂಗೈ ಸೀದಾ ಒತ್ತದೆ, ಬೆರಳುಗಳು ಅಂಗೈಗೆ ಸೇರುವ ಗೆರೆಯ ಮೇಲೆ ಹಿಡಿಕೆ ಕೂರುವಂತೆ ಎರಡೂ ಕೈಯ ಬೆರಳು ಮಡಿಸಿ. ಈಗ ಬ್ಯಾಟನ್ನು ಮೇಲೆತ್ತಿ. ಹಿಡಿಕೆ ಅಂಗೈಯ ಹಳ್ಳದೊಳಗೆ ಹೂತುಹೋದರೆ ಮಣಿಕಟ್ಟಿಗೆ ಬೀಗ ಬಿದ್ದ ಹಾಗೆ. ಬೆರಳಿನಲ್ಲಿದ್ದರೆ ಅದು ಸಲೀಸಾಗಿ ತಿರುಗುತ್ತದೆ. ಕೆಲವು ವಾರ ಆಡಿದವರು ತಮ್ಮ ಕೈಯಲ್ಲೇ ಇದನ್ನು ಓದಿಕೊಳ್ಳಬಹುದು: ಜಡ್ಡು ಬೆರಳ ಬುಡದಲ್ಲಿ ಕಟ್ಟಿದ್ದರೆ ಸರಿ, ಅಂಗೈ ನಡುವೆ ಕಟ್ಟಿದ್ದರೆ ಹಿಡಿತ ಒಳಕ್ಕೆ ಸರಿದಿದೆ.

ಇನ್ನು ಗೆಣ್ಣುಗಳು. ಬಾಗಿಲು ತಟ್ಟುವಾಗ ಮರಕ್ಕೆ ತಾಗುವ ನಡುಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಬೇಕು ಎನ್ನುವುದು ಕೋಚ್‌ಗಳ ಹಳೆಯ ಪಾಠ. ‘ಹೆಚ್ಚುಕಡಿಮೆ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಸ್ಕೇಲ್ ಇಟ್ಟು ಗೆರೆ ಎಳೆದಂತೆ ಜೋಡಿಸಲು ಹೋಗಿ ಮೊಣಕೈ ಸೆಟೆದುಕೊಂಡ ಮಕ್ಕಳು ಎಲ್ಲ ಮೈದಾನದಲ್ಲೂ ಸಿಗುತ್ತಾರೆ. ಮೇಲ್ಗೈ ಕಾಲು ಸುತ್ತು ಆಚೆ ಹೋದರೂ ನಷ್ಟವಿಲ್ಲ. ಎರಡೂ ಕೈಯ ಬುಡಗೆಣ್ಣುಗಳೇ ಒಂದೇ ಸಾಲಿಗೆ ಬಂದುಬಿಟ್ಟರೆ ಮಾತ್ರ ಮೇಲ್ಗೈ ಬೇಗ ಮಗುಚಿಕೊಂಡು, ಹೊಡೆತವೆಲ್ಲ ನೆಲಕ್ಕೆ ಉರುಳುತ್ತದೆ.

ಎಷ್ಟು ಬಿಗಿ?

ಚೆಂಡು ಬ್ಯಾಟಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಪೆಟ್ಟಿನ ಕಂಪನ ಹಿಡಿಕೆಗೆ ಬಂದು ಮರಳುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ತಾಗುವ ಗಳಿಗೆಯಲ್ಲಿ ನೀವು ಎಷ್ಟು ಹಿಸುಕಿದ್ದೀರಿ ಎನ್ನುವುದು ಚೆಂಡಿನ ವೇಗವನ್ನು ಬದಲಿಸುವುದಿಲ್ಲ. ಬೇಸ್‌ಬಾಲ್ ಭೌತಶಾಸ್ತ್ರದಲ್ಲಿ ಹೆಸರಾದ ಅಮೆರಿಕದ ವಿಜ್ಞಾನಿ ಅಲನ್ ನೇಥನ್ ಇದನ್ನು ವಿವರವಾಗಿ ತೋರಿಸಿದ್ದಾರೆ. 2012ರಲ್ಲಿ ಸಿನ್ಸಿನಾಟಿ ರೆಡ್ಸ್ ತಂಡದ ಟಾಡ್ ಫ್ರೇಜರ್ ಹೊಡೆದ ಒಂದು ಹೋಮ್ ರನ್ನಿನಲ್ಲಂತೂ ಬ್ಯಾಟು ಆಗಲೇ ಕೈ ಜಾರಿತ್ತು!

ಹಾಗಿದ್ದರೆ ಹಿಡಿತ ಏಕೆ ಬೇಕು? ತಾಗುವ ಮುಂಚಿನ ಕೆಲಸಕ್ಕೆ. ಗಂಟೆಗೆ 145 ಕಿ.ಮೀ. ವೇಗದ ಎಸೆತ ಪಿಚರ್ (ಚೆಂಡು ಎಸೆಯುವವರು) ಕೈಯಿಂದ ಹೊರಟು, ಬ್ಯಾಟ್ ಹಿಡಿದವರ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟ್ ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಬ್ಯಾಟಿನ ವೇಗ ಏರಬೇಕು, ದಾರಿಯೂ ಸರಿಹೋಗಬೇಕು. ಮುಂಗೈ ಸ್ನಾಯುಗಳು ಮೊದಲೇ ಬಿಗಿದಿದ್ದರೆ ಎರಡೂ ತಡ. ಮಂಡ್ಯದ ಗದ್ದೆಯಲ್ಲಿ ಕಬ್ಬು ಕಡಿಯುವವರು ಮಚ್ಚನ್ನು ಹಿಡಿಯುವ ರೀತಿಯೇ ಇಲ್ಲಿಗೂ ಹೊಂದುತ್ತದೆ: ಬೀಸುವವರೆಗೆ ಸಡಿಲ, ಬೀಸಿದಾಗ ಕೈ ತಾನಾಗಿ ಬಿಗಿಯುತ್ತದೆ. ಪರೀಕ್ಷೆ ಸುಲಭ. ನೀವು ನಿಂತ ಭಂಗಿಯಲ್ಲೇ ಇನ್ನೊಬ್ಬರು ಬ್ಯಾಟನ್ನು ಮೆಲ್ಲಗೆ ತಿರುಗಿಸಲಿ. ಸ್ವಲ್ಪ ತಿರುಗಿ ನಿಂತರೆ ಸರಿ. ಅಲುಗಾಡದಿದ್ದರೆ ಅತಿ ಬಿಗಿ.

ಕ್ರಿಕೆಟ್‌ನವರಿಗೆ ಇದು ಹೊಸ ವಿಷಯವೇನಲ್ಲ. 2007ರ ವಿಶ್ವಕಪ್ ಫೈನಲ್‌ನಲ್ಲಿ ಆ್ಯಡಂ ಗಿಲ್‌ಕ್ರಿಸ್ಟ್ ಗ್ಲೌಸ್ ಒಳಗೆ ಸ್ಕ್ವಾಷ್ ಚೆಂಡು ಇಟ್ಟುಕೊಂಡು ಶ್ರೀಲಂಕಾ ವಿರುದ್ಧ 104 ಎಸೆತಗಳಲ್ಲಿ 149 ಹೊಡೆದದ್ದು ನೆನಪಿರಬಹುದು. ಕೆಳಗೈ ಹಿಸುಕದಂತೆ ತಡೆಯುವುದೇ ಆ ಚೆಂಡಿನ ಕೆಲಸವಾಗಿತ್ತು.

ಕೈ ಮೇಲೆ ಸರಿಸುವುದು

ನಾಬ್‌ನಿಂದ ಒಂದೆರಡು ಇಂಚು ಬಿಟ್ಟು ಮೇಲೆ ಹಿಡಿದರೆ ಬ್ಯಾಟಿನ ತೂಕ ಬದಲಾಗುವುದಿಲ್ಲ, ಬೀಸುವಾಗಿನ ಭಾರ ಇಳಿಯುತ್ತದೆ. ಸ್ವಿಂಗ್ ಬೇಗ ಶುರುವಾಗುತ್ತದೆ, ನಡುವೆ ತಿದ್ದಿಕೊಳ್ಳಲೂ ಸಾಧ್ಯ. ಪ್ರತಿಯಾಗಿ ಅಷ್ಟೇ ಇಂಚು ಎಟುಕು ಕಡಿಮೆ. ಹೊರಮೂಲೆಯ ಚೆಂಡು ಸಿಗದೆ ಹೋದೀತು, ಆದ್ದರಿಂದ ಪ್ಲೇಟಿಗೆ ಸ್ವಲ್ಪ ಹತ್ತಿರ ನಿಲ್ಲಿ. ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಔಟ್) ಹಲವರು ಹೀಗೆ ಮಾಡುತ್ತಾರೆ. ಇದು ಬಲ ಇಲ್ಲದವರ ಉಪಾಯ ಎಂದುಕೊಂಡವರಿಗೆ ಮೇಜರ್ ಲೀಗ್ ಆಟಗಾರ ಬ್ಯಾರಿ ಬಾಂಡ್ಸ್ ಉತ್ತರ. ಹಿಡಿಕೆಯಲ್ಲಿ ಜಾಗ ಬಿಟ್ಟು ಹಿಡಿದೇ ಅವರು 2001ರಲ್ಲಿ 73 ಹೋಮ್ ರನ್ ಹೊಡೆದರು. ಉತ್ತೇಜಕ ಮದ್ದಿನ ವಿವಾದ ಅವರ ಬೆನ್ನಿಗಿದೆ, ನಿಜ. ಕೈ ಎಲ್ಲಿತ್ತು ಎನ್ನುವುದರಲ್ಲಿ ವಿವಾದವಿಲ್ಲ.

ಶಾಲೆಯ ತಂಡಗಳಿಗೆ ನನ್ನ ಮಟ್ಟಿಗೆ ಇದೇ ಅತಿ ಉಪಯುಕ್ತ ಬದಲಾವಣೆ. ಹತ್ತು ಮಕ್ಕಳಿಗೆ ಒಂದೇ ಬ್ಯಾಟ್ ಇರುವ ಕಡೆ ಚಿಕ್ಕವರಿಗೆ ಅದು ಉದ್ದವೂ ಹೌದು, ಭಾರವೂ ಹೌದು. ಹೊಸ ಬ್ಯಾಟ್ ಬರುವವರೆಗೆ ಕೈಯನ್ನಾದರೂ ಮೇಲೆ ಸರಿಸಬಹುದು.

ಸರಿಹೋಯಿತೇ ಎಂದು ತಿಳಿಯಲು

ಒಂದು ಸಲಕ್ಕೆ ಒಂದೇ ಬದಲಾವಣೆ. ಚೆಂಡಿಗೆ ಸೀಮೆಸುಣ್ಣ ಬಳಿದು, ಟೀ (ಚೆಂಡು ಇಡುವ ಗೂಟ) ಮೇಲಿಟ್ಟು ಹೊಡೆಯಿರಿ. ಬ್ಯಾಟಿನ ಮೇಲೆ ಬಿಳಿ ಗುರುತು ಎಲ್ಲಿ ಬಿತ್ತು ನೋಡಿ. ದಪ್ಪ ತುದಿಯಿಂದ ಐದರಿಂದ ಏಳು ಇಂಚಿನ ನಡುವೆ ಗುರುತುಗಳು ಗುಂಪಾಗುತ್ತಿದ್ದರೆ ಹಿಡಿತ ಕೆಲಸ ಮಾಡುತ್ತಿದೆ. ಪಂದ್ಯದ ಅಂಕಿಗಳನ್ನು ನೋಡಿ ತೀರ್ಮಾನಿಸಬೇಡಿ. ಚೆನ್ನಾಗಿ ತಾಗಿದ ಚೆಂಡು ಸೀದಾ ಫೀಲ್ಡರ್ ಕೈ ಸೇರಬಹುದು, ಕೆಟ್ಟ ಹೊಡೆತ ಸಂದಿಯಲ್ಲಿ ನುಸುಳಿ ಹೋಗಬಹುದು. ಮೊದಲ ದಿನಗಳಲ್ಲಿ ಹೊಡೆತ ಹದಗೆಡುವುದು ಸಹಜ, ಹಾಗಾಗಿ ಟೂರ್ನಿಯ ಹಿಂದಿನ ವಾರ ಈ ಪ್ರಯೋಗ ಬೇಡ. ಬೇಸಿಗೆಯಲ್ಲಿ ಅಂಗೈ ಬೆವರಿ ಜಾರುತ್ತಿದ್ದರೆ ಇನ್ನಷ್ಟು ಹಿಸುಕುವ ಬದಲು ಹಿಡಿಕೆಗೆ ಟೆನಿಸ್ ರಾಕೆಟ್ಟಿನ ಗ್ರಿಪ್ ಟೇಪ್ ಸುತ್ತಿ.

ಕೊನೆಗೆ ಒಂದು ಎಚ್ಚರಿಕೆ. ನಾಬ್ ಪಕ್ಕದ ಕೈಯಲ್ಲಿ, ಕಿರುಬೆರಳಿನ ಕೆಳಗಿನ ಅಂಗೈ ಬುಡದಲ್ಲಿ ನೋವು ಹೋಗದೆ ಉಳಿದರೆ ಆಟ ನಿಲ್ಲಿಸಿ. ಅಲ್ಲಿರುವ ಹ್ಯಾಮೇಟ್ ಎಂಬ ಸಣ್ಣ ಮೂಳೆಯ ಕೊಕ್ಕೆಯನ್ನು ನಾಬ್ ಒತ್ತಿ ಮುರಿಯುವುದು ಹಿಟ್ಟರ್‌ಗಳಲ್ಲಿ ಅಪರೂಪವೇನಲ್ಲ. ಮೂಳೆ ವೈದ್ಯರಿಗೆ ತೋರಿಸುವಾಗ ಬ್ಯಾಟ್ ಬೀಸುವ ಆಟದವರು ಎಂದು ಮೊದಲೇ ಹೇಳಿ. ಮಾಮೂಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆ ಹೋಗಬಹುದು.