ಬಿಗ್ ಬ್ಯಾಂಡ್ ಕಛೇರಿ: ನಾನು ಎಲ್ಲಿ ಕೂರುತ್ತೇನೆ, ಏನನ್ನು ಕೇಳುತ್ತೇನೆ

ಕುಣಿತಕ್ಕೆ ಹೊಂದುವ ಜಾಜ್ ಶೈಲಿಯಾದ ಸ್ವಿಂಗ್ ನುಡಿಸುವ ದೊಡ್ಡ ವಾದ್ಯತಂಡದ, ಅಂದರೆ ಬಿಗ್ ಬ್ಯಾಂಡಿನ, ಅರ್ಧ ಸುಖ ಗಾಳಿಯಲ್ಲಿದೆ. ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಐದು ಸ್ಯಾಕ್ಸೊಫೋನ್. ಹದಿಮೂರು ಜನ ಒಟ್ಟಿಗೆ ಉಸಿರೆಳೆದು ಊದಿದರೆ ಆ ಸದ್ದು ಎದೆಗೇ ತಾಗುತ್ತದೆ. ರೆಕಾರ್ಡಿನಲ್ಲಿ ಇದು ಸಿಗುವುದಿಲ್ಲ. ಪ್ರತಿ ವಾದ್ಯಕ್ಕೂ ಮೈಕ್ ಇಟ್ಟು ಎಲ್ಲವನ್ನೂ ಎರಡು ದೊಡ್ಡ ಸ್ಪೀಕರುಗಳಿಂದ ಕೇಳಿಸುವ ಕಡೆಯೂ ಸಿಗುವುದು ಕಷ್ಟ. ಟ್ರಂಪೆಟ್ ಎಲ್ಲಿಂದ ಬಂತು, ಟ್ರೊಂಬೋನ್ ಎಲ್ಲಿಂದ ಉತ್ತರ ಕೊಟ್ಟಿತು ಎಂಬುದೇ ಅಳಿಸಿಹೋಗುತ್ತದೆ. ಹಾಗಾಗಿ ಟಿಕೆಟ್ ಕೊಳ್ಳುವಾಗ ಬ್ಯಾಂಡಿನ ಹೆಸರಿಗಿಂತ ಮೊದಲು ನಾನು ಜಾಗವನ್ನು ನೋಡುತ್ತೇನೆ.

ನ್ಯೂಯಾರ್ಕಿನಲ್ಲಿ ಇದಕ್ಕೆ ನನ್ನ ಮೊದಲ ಆಯ್ಕೆ ಜಾಜ್ ಕ್ಲಬ್ಬಾದ ವಿಲೇಜ್ ವ್ಯಾನ್‌ಗಾರ್ಡ್. ಸೆವೆಂತ್ ಅವೆನ್ಯೂ ಸೌತ್‌ನ ನೆಲಮಾಳಿಗೆ, 1935ರಿಂದ ಅಲ್ಲೇ ಇದೆ, 123 ಜನಕ್ಕೆ ಜಾಗ. 1966ರ ಫೆಬ್ರುವರಿ 7ರ ಸೋಮವಾರ ಟ್ರಂಪೆಟ್ಟಿನ ಥ್ಯಾಡ್ ಜೋನ್ಸ್ ಮತ್ತು ಡ್ರಮ್ಮರ್ ಮೆಲ್ ಲೂಯಿಸ್ ತಮ್ಮ ಬ್ಯಾಂಡನ್ನು ಇಲ್ಲಿ ಮೊದಲು ನುಡಿಸಿದರು. ಜೋನ್ಸ್ ಬಿಟ್ಟುಹೋದ ಮೇಲೆ ಲೂಯಿಸ್ 1990ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಈಗ ಅದೇ ಬ್ಯಾಂಡ್ ವ್ಯಾನ್‌ಗಾರ್ಡ್ ಜಾಜ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ಸೋಮವಾರಗಳಂದು ನುಡಿಸುತ್ತದೆ. ಸೋಮವಾರವೇ ಯಾಕೆಂದರೆ ಈ ವಾದಕರಲ್ಲಿ ಹೆಚ್ಚಿನವರಿಗೆ ವಾರದ ಉಳಿದ ದಿನ ಸ್ಟುಡಿಯೊ, ನಾಟಕಮಂದಿರ, ಬೇರೆ ಬ್ಯಾಂಡುಗಳ ದುಡಿಮೆ. ಕ್ಲಬ್ಬಿಗೂ ಆ ರಾತ್ರಿ ಖಾಲಿ. ಇಲ್ಲಿ ಟಿಕೆಟ್ಟಿನ ಮೇಲೆ ಕುರ್ಚಿಯ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಒಳ್ಳೆಯ ಜಾಗ. ಬಾಗಿಲು ತೆರೆಯುವ ಹೊತ್ತಿಗೇ ಸಾಲಿನಲ್ಲಿ ನಿಂತಿರಬೇಕು. ಊಟ ಸಿಗುವುದಿಲ್ಲ, ಉಂಡೇ ಹೋಗಬೇಕು. ಒಬ್ಬೊಬ್ಬರೂ ಒಂದು ಪಾನೀಯವನ್ನಾದರೂ ಕೊಳ್ಳಲೇಬೇಕು. ಸೋಡಾ ಆದರೂ ಸರಿ.

ಕೂರುವ ಜಾಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಸ್ಯಾಕ್ಸೊಫೋನುಗಳು ಮುಂದಿನ ಸಾಲು, ಟ್ರೊಂಬೋನುಗಳು ಅದರ ಹಿಂದೆ, ಟ್ರಂಪೆಟ್ಟುಗಳು ಎಲ್ಲಕ್ಕಿಂತ ಹಿಂದೆ ಎತ್ತರದಲ್ಲಿ. ಪಿಯಾನೊ, ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ಮಂದ್ರದ ತಂತಿವಾದ್ಯ), ಡ್ರಮ್ಸ್, ಗಿಟಾರ್ ಇದ್ದರೆ ಅದೂ ಸೇರಿದ ರಿದಮ್ ಸೆಕ್ಷನ್ ಒಂದು ಪಕ್ಕಕ್ಕೆ. ಮೂರೂ ಸಾಲುಗಳ ಮುಖ್ಯ ವಾದಕರು, ಅಂದರೆ ಲೀಡ್ ಆಲ್ಟೊ ಸ್ಯಾಕ್ಸೊಫೋನ್, ಲೀಡ್ ಟ್ರೊಂಬೋನ್, ಲೀಡ್ ಟ್ರಂಪೆಟ್, ಹೆಚ್ಚುಕಡಿಮೆ ಮಧ್ಯದಲ್ಲಿ ಒಬ್ಬರ ಹಿಂದೊಬ್ಬರು ಬರುವಂತೆ ಕೂರುತ್ತಾರೆ. ಲೀಡ್ ಟ್ರಂಪೆಟ್ ಒಂದು ಸ್ವರವನ್ನು ಎಷ್ಟು ಉದ್ದ ಹಿಡಿಯುತ್ತದೋ ಮುಂದಿನ ಇಬ್ಬರೂ ಅಷ್ಟೇ ಹಿಡಿಯಬೇಕು. ಹಿಂದಿನಿಂದ ಕೇಳಿಸಿದರೆ ತಾನೇ ಸಾಧ್ಯ? ಟ್ರಂಪೆಟ್, ಟ್ರೊಂಬೋನ್ ತಮ್ಮ ಬಾಯಿ ತಿರುಗಿದ ದಿಕ್ಕಿಗೆ ಸದ್ದನ್ನು ನೇರ ಎಸೆಯುತ್ತವೆ. ಸ್ಯಾಕ್ಸೊಫೋನಿನ ಸದ್ದು ಮೈಮೇಲಿನ ತೆರೆದ ರಂಧ್ರಗಳಿಂದಲೂ ಹೊರಡುವುದರಿಂದ ಸುತ್ತಲೂ ಹರಡುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ಕೂತವರಿಗೆ ಸ್ಯಾಕ್ಸೊಫೋನ್ ತುಂಬ ಹತ್ತಿರ, ಹಿಂದಿನ ಸಾಲುಗಳು ತಲೆಯ ಮೇಲೆ ಹಾದುಹೋಗುತ್ತವೆ. ಹಾಲ್‌ನಲ್ಲಿ ನಾನು ಹಿಡಿಯುವುದು ನಾಲ್ಕರಿಂದ ಎಂಟನೆಯ ಸಾಲು, ನಡುವಿನಿಂದ ರಿದಮ್ ಸೆಕ್ಷನ್ನಿನ ಕಡೆಗೆ ಮೂರು ನಾಲ್ಕು ಕುರ್ಚಿ ಸರಿದು. ಬಾಲ್ಕನಿ ಬೇಡ. ಸಿಂಫನಿಗೆಂದು ಕಟ್ಟಿದ ಹಾಲ್‌ಗಳಲ್ಲಿ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಗುಂಗು, ಎರಡು ಸೆಕೆಂಡಿನ ಹತ್ತಿರವಿರುತ್ತದೆ. ಪಿಟೀಲುಗಳ ಉದ್ದ ಸ್ವರಗಳಿಗೆ ಅದು ವರ, ಡ್ರಮ್ಸಿಗೆ ಶಾಪ. ದೂರ ಹೋದಷ್ಟೂ ಸಿಂಬಲ್ಲಿನ (ಡ್ರಮ್ಸಿನ ಲೋಹದ ತಟ್ಟೆಯ) ಒಂದು ಪೆಟ್ಟು ಮುಂದಿನದರೊಳಗೆ ಕರಗಿ ಲಯವೇ ಮಸುಕಾಗುತ್ತದೆ. 2004ರಲ್ಲಿ ಜಾಜ್ ಅನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ, ‘ಜಾಜ್ ಅಟ್ ಲಿಂಕನ್ ಸೆಂಟರ್’ ಸಂಸ್ಥೆಯ ರೋಸ್ ಥಿಯೇಟರ್‌ನಲ್ಲಿ ಈ ತೊಂದರೆ ಕಡಿಮೆ.

ಸಣ್ಣ ಜಾಗದಲ್ಲಿ ಕಿವಿಯ ರಕ್ಷಣೆ ಮುಖ್ಯ. ಎಲ್ಲರೂ ಒಟ್ಟಿಗೆ ಊದುವಾಗ ಸದ್ದು ಸುಲಭವಾಗಿ 100 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್ ಎಂಟು ತಾಸು ತಡೆದುಕೊಳ್ಳಬಹುದಾದರೆ 100ಕ್ಕೆ ಮಿತಿ ಕಾಲು ಗಂಟೆ ಮಾತ್ರ. ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ತಾರ ಸ್ವರಗಳನ್ನೇ ಹೆಚ್ಚು ನುಂಗುತ್ತದೆ, ಸಿಂಬಲ್ ಸತ್ತುಹೋಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ಥಾಯಿಗಳನ್ನೂ ಸಮವಾಗಿ 12ರಿಂದ 15 ಡೆಸಿಬೆಲ್ ಇಳಿಸುವ ಪ್ಲಗ್‌ಗಳಿವೆ. ಅವು ಸದಾ ಜೇಬಿನಲ್ಲಿರುತ್ತವೆ.

ಇನ್ನು ಕೇಳುವ ಕ್ರಮ. ಮೊದಲ ಹಾಡಿಗೆ ನಾನು ಊದುವವರ ಕಡೆ ಗಮನ ಕೊಡುವುದೇ ಇಲ್ಲ, ಬೇಸಿನಿಂದ ಶುರು. ಬೇಸ್ ಒಂದು ಬಾರ್‌ಗೆ, ಅಂದರೆ ನಾಲ್ಕು ಬೀಟಿನ ಒಂದು ಸುತ್ತಿಗೆ, ನಾಲ್ಕು ಸ್ವರದಂತೆ ನಡೆಯುತ್ತಿರುತ್ತದೆ. ಡ್ರಮ್ಮರ್‌ನ ಎಡಗಾಲಿನ ಹೈ-ಹ್ಯಾಟ್, ಅಂದರೆ ಜೋಡಿ ಸಿಂಬಲ್, ಎರಡನೇ ಮತ್ತು ನಾಲ್ಕನೇ ಬೀಟಿಗೆ ಮುಚ್ಚುತ್ತದೆ. ಪಿಯಾನೊ ವಾದಕ, ಬ್ಯಾಂಡ್ ನಾಯಕ ಕೌಂಟ್ ಬೇಸಿಯ ಪದ್ಧತಿಯ ಬ್ಯಾಂಡಾದರೆ ಗಿಟಾರ್ ನಾಲ್ಕೂ ಬೀಟಿಗೆ ಗಿಡ್ಡನೆಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹೊಡೆಯುತ್ತದೆ. 1937ರಿಂದ 1987ರಲ್ಲಿ ಸಾಯುವವರೆಗೂ ಫ್ರೆಡ್ಡಿ ಗ್ರೀನ್ ಬೇಸಿಯ ಬ್ಯಾಂಡಿನಲ್ಲಿ ಮಾಡಿದ್ದು ಇದನ್ನೇ, ಅದೂ ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲಿ. ಅದು ಪ್ರತ್ಯೇಕವಾಗಿ ಕೇಳಿಸುವುದು ಅಪರೂಪ. ನಿಂತರೆ ಮಾತ್ರ ಏನೋ ಜಾರಿದಂತೆ ತಿಳಿಯುತ್ತದೆ. ಈ ಮೂರು ಸದ್ದು ಒಂದಾಗಿ ಕೇಳತೊಡಗಿದ ಮೇಲೆ ಮಿಕ್ಕಿದ್ದೆಲ್ಲ ತಾನಾಗಿ ಅದರ ಮೇಲೆ ಕೂರುತ್ತದೆ.

ಕರ್ನಾಟಕ ಸಂಗೀತ ಕೇಳಿದವರಿಗೆ ಸ್ವಿಂಗ್ ಹಿಡಿಯಲು ಹತ್ತಿರದ ದಾರಿಯೊಂದಿದೆ. ಒಂದೊಂದು ಬೀಟನ್ನೂ ತಿಶ್ರ ನಡೆಯ ‘ತಕಿಟ’ ಎಂದು ಎಣಿಸಿ, ‘ಕಿ’ಯನ್ನು ನುಡಿಸದೆ ‘ತ’ ಮತ್ತು ‘ಟ’ ಮಾತ್ರ ಉಳಿಸಿ. ಮಧ್ಯಮ ವೇಗದಲ್ಲಿ ಅದೇ ಸ್ವಿಂಗ್‌ನ ತೂಗು. ವೇಗ ಏರಿದಂತೆ ಈ ಹಂಚಿಕೆ ಸಮಕ್ಕೆ ಹತ್ತಿರವಾಗುತ್ತದೆ, ತೀರಾ ನಿಧಾನವಾದಾಗ ‘ಟ’ ಇನ್ನೂ ತಡವಾಗಿ ಬರುತ್ತದೆ. ತೊಂದರೆ ಬರುವುದು ಚಪ್ಪಾಳೆಯಲ್ಲಿ. ಆದಿತಾಳ ಹಾಕಿ ರೂಢಿಯಾದ ಕೈ ಒಂದಕ್ಕೇ ಪೆಟ್ಟು ಕೊಡಲು ಹೋಗುತ್ತದೆ. ಇಲ್ಲಿ ಪೆಟ್ಟು ಎರಡಕ್ಕೆ ಮತ್ತು ನಾಲ್ಕಕ್ಕೆ. ಕಾಲಿನ ಹಿಮ್ಮಡಿಯನ್ನು ಒಂದಕ್ಕೂ ಮೂರಕ್ಕೂ ಕೊಟ್ಟು ಬೆರಳು ಚಿಟಿಕೆಯನ್ನು ಎರಡು ನಾಲ್ಕಕ್ಕೆ ಬಿಟ್ಟರೆ ಒಂದೆರಡು ಹಾಡಿನಲ್ಲಿ ಕೂಡಿಬರುತ್ತದೆ. ಇಡೀ ಸಭೆ ಜೋರಾಗಿ ತಟ್ಟತೊಡಗಿದರೆ ವೇಗ ಓಡುವುದು ಖಂಡಿತ, ಏಕೆಂದರೆ ತಟ್ಟುವವರು ನಡುವಿನ ಅಕ್ಷರಗಳನ್ನು ಎಣಿಸುವುದಿಲ್ಲ. ನಾನು ಚಿಟಿಕೆಯಲ್ಲೇ ಉಳಿಯುತ್ತೇನೆ.

ಎರಡನೆಯ ಹಾಡಿನಿಂದ ರಚನೆಯನ್ನು ಎಣಿಸುತ್ತೇನೆ. ಹೆಚ್ಚಿನವು 12 ಬಾರಿನ ಬ್ಲೂಸ್, ಇಲ್ಲವೇ 32 ಬಾರಿನವು. 32ರದ್ದಾದರೆ ಎಂಟೆಂಟು ಬಾರಿನ ನಾಲ್ಕು ಭಾಗ. ಸಾಮಾನ್ಯವಾಗಿ ಮೊದಲನೆಯದು, ಎರಡನೆಯದು, ನಾಲ್ಕನೆಯದು ಒಂದೇ ಧಾಟಿ, ಮೂರನೆಯದು ಬೇರೆ. ಆ ಬೇರೆಯ ಭಾಗ ಬಂದದ್ದು ಗೊತ್ತಾದರೆ ಎಲ್ಲಿದ್ದೇವೆಂದು ಮತ್ತೆ ಹುಡುಕಬೇಕಾಗಿಲ್ಲ. ಮೊದಲು ಹಾಡು, ಆಮೇಲೆ ಒಬ್ಬೊಬ್ಬರೇ ನುಡಿಸುವ ಸೋಲೊಗಳು, ಎಷ್ಟೋ ಸಲ ಐದೂ ಸ್ಯಾಕ್ಸೊಫೋನ್ ಸೇರಿ ಒಬ್ಬರೇ ನುಡಿಸಿದಂತೆ ಓಡುವ ಒಂದು ಭಾಗ, ಕೊನೆಗೆ ಇಡೀ ಬ್ಯಾಂಡ್ ಒಟ್ಟಿಗೆ ಜೋರಾಗಿ ಊದುವ ಶೌಟ್ ಕೋರಸ್, ಹಾಡಿನ ಮರಳಿಕೆ. ಸೋಲೊ ನಡೆಯುವಾಗ ಹಿಂದಿನ ಸಾಲುಗಳು ಮೆಲ್ಲಗೆ ಊದುವ ಚಿಕ್ಕ ಚಿಕ್ಕ ವಾಕ್ಯಗಳನ್ನು ಬಿಡಬಾರದು. ಸೋಲೊದ ಕಾವು ಏರುವುದು ಅವುಗಳಿಂದಲೇ. ಸೋಲೊ ಮುಗಿದಾಗಿನ ಚಪ್ಪಾಳೆ ಎರಡು ಬಾರ್‌ಗಳಿಗಿಂತ ಉದ್ದವಾದರೆ ಮುಂದಿನವರ ಮೊದಲ ವಾಕ್ಯ ಮುಳುಗಿಹೋಗುತ್ತದೆ.

ಶೌಟ್ ಕೋರಸ್ಸಿಗೆ ಕಣ್ಣು ಬೇಕು. ಟ್ರಂಪೆಟ್ಟುಗಳು ಮೇಲೇಳುತ್ತವೆ, ನಾಲ್ವರ ಭುಜ ಒಟ್ಟಿಗೆ ಉಬ್ಬುತ್ತದೆ, ಡ್ರಮ್ಮರ್ ಒಂದು ಬೀಟ್ ಮುಂಚೆ ಸ್ನೇರ್ ಡ್ರಮ್ಮಿನ ಮೇಲೆ ಸೂಚನೆ ಕೊಡುತ್ತಾನೆ, ಆಗ ಆ ಸದ್ದು. ಡ್ರಮ್ಮರ್ ಸೂಚನೆಯನ್ನು ತಡಮಾಡಿದರೆ ಹದಿಮೂರು ಜನರ ಪೆಟ್ಟು ಒಡೆಯುತ್ತದೆ. ಒಳ್ಳೆಯ ಬ್ಯಾಂಡನ್ನು ನಾನು ಅಳೆಯುವುದು ಸ್ವರ ಶುರುವಾಗುವುದರಿಂದಲ್ಲ, ನಿಲ್ಲುವುದರಿಂದ. ನಾಲ್ಕನೇ ಬೀಟಿಗೆ ಎಲ್ಲರೂ ಒಮ್ಮೆಗೇ ಬಿಟ್ಟಾಗ ಉಳಿಯುವ ಮೌನ ಚಾಕುವಿನಿಂದ ಕೊಯ್ದಷ್ಟು ನೇರವಿರಬೇಕು. ವೇಗದ ಹಾಡಿಗಿಂತ ನಿಧಾನದ್ದು ಕಠಿಣ ಪರೀಕ್ಷೆ: ಬೀಟಿನ ಹಿಂಬದಿಗೆ ಒರಗಿಕೊಂಡು, ಆದರೂ ಎಳೆದಂತಾಗದೆ, ಎಲ್ಲರೂ ಒಂದೇ ಅಳತೆಯಲ್ಲಿ ತಡವಾಗಬೇಕು. ನೀಲ್ ಹೆಫ್ಟಿ ಬೇಸಿಯ ಬ್ಯಾಂಡಿಗೆ ಬರೆದು 1957ರಲ್ಲಿ ಧ್ವನಿಮುದ್ರಣವಾದ ‘ಲಿಲ್ ಡಾರ್ಲಿನ್’ ಇದಕ್ಕೆ ಮಾದರಿ. ಹೋಗುವ ಹಿಂದಿನ ದಿನ ಹೊಸಬರಿಗೆ ಕೇಳಿಸಲು ನಾನು ಆರಿಸುವುದು ಅದನ್ನೇ.

ವಾದ್ಯದ ಬಾಯಿಗೆ ಸಿಕ್ಕಿಸಿ ಅಥವಾ ಹಿಡಿದು ಸದ್ದನ್ನು ಬದಲಿಸುವ ಮ್ಯೂಟುಗಳು ಇನ್ನೊಂದು ಖುಷಿ. ಟ್ರಂಪೆಟ್ ವಾದಕರ ಕಾಲಬುಡದಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಸ್ಟ್ರೈಟ್ ಮ್ಯೂಟ್ ಸದ್ದನ್ನು ಚುರುಕಾಗಿ ತೆಳುವಾಗಿಸುತ್ತದೆ, ಕಪ್ ಮ್ಯೂಟ್ ಮೆತ್ತಗಾಗಿಸುತ್ತದೆ, ಹಾರ್ಮನ್ ಲೋಹದ ಗುಂಯ್‌ಗುಡುವಿಕೆ ಕೊಡುತ್ತದೆ. ಪ್ಲಂಜರ್ ಎಂದರೆ ಕಟ್ಟಿದ ಸಿಂಕ್ ಬಿಡಿಸುವ ರಬ್ಬರ್ ಬಟ್ಟಲೇ, ಹಿಡಿ ತೆಗೆದದ್ದು. ಅದನ್ನು ತೆರೆದು ಮುಚ್ಚುತ್ತಾ, ಗಂಟಲಿನಿಂದ ಗುರುಗುಟ್ಟಿಸಿ ಮನುಷ್ಯನ ಮಾತಿನಂತೆ ನುಡಿಸುವುದನ್ನು ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ ಟ್ರಂಪೆಟ್ಟಿನ ಬಬರ್ ಮೈಲಿ ಮತ್ತು ಟ್ರೊಂಬೋನಿನ ಟ್ರಿಕಿ ಸ್ಯಾಮ್ ನ್ಯಾಂಟನ್ 1920ರ ದಶಕದಲ್ಲೇ ಕಲೆಯಾಗಿಸಿದ್ದರು. ಮ್ಯೂಟ್ ಕೈಗೆತ್ತಿಕೊಳ್ಳುವುದು ಕಂಡರೆ ಬಣ್ಣ ಬದಲಾಗಲಿದೆ ಎಂದು ಕೆಲವು ಬಾರ್ ಮೊದಲೇ ಗೊತ್ತಾಗುತ್ತದೆ.

ಕುಣಿಯಲು ನೆಲವಿರುವ ಕಛೇರಿಯಾದರೆ ಲೆಕ್ಕವೇ ಬೇರೆ. ಈ ಸಂಗೀತ ಬೆಳೆದದ್ದು ಅಂಥ ಕಡೆಯೇ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ 1926ರಿಂದ 1958ರವರೆಗೆ ನಡೆಯಿತು. ಎರಡು ವೇದಿಕೆಗಳಿದ್ದವು, ಒಂದು ಬ್ಯಾಂಡ್ ನಿಲ್ಲಿಸುತ್ತಿದ್ದಂತೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಅಲ್ಲಿಯೇ 1937ರ ಮೇ 11ರಂದು ಚಿಕ್ ವೆಬ್‌ನ ಬ್ಯಾಂಡ್ ಬೆನ್ನಿ ಗುಡ್‌ಮನ್‌ನದನ್ನು ಸ್ಪರ್ಧೆಯಲ್ಲಿ ಮಣಿಸಿತು. ನಿಮಿಷಕ್ಕೆ 120ರಿಂದ 180 ಬೀಟ್ ಹೊಸಬರಿಗೆ ಹಿತವಾದ ವೇಗ. 200 ದಾಟಿದ ಮೇಲೆ ಹೆಜ್ಜೆ ಚಿಕ್ಕದಾಗಿಸದಿದ್ದರೆ ದಮ್ಮು ಉಳಿಯುವುದಿಲ್ಲ. ಓಟದ ಶೂ ಬೇಡ: ರಬ್ಬರ್ ಅಟ್ಟೆ ನೆಲಕ್ಕೆ ಅಂಟಿ, ತಿರುಗುವಾಗ ಪಾದ ನಿಂತು ಮಂಡಿ ತಿರುಚುತ್ತದೆ. ತೊಗಲಿನ ನುಣುಪು ಅಟ್ಟೆ ಒಳ್ಳೆಯದು. ಸುಸ್ತಾದಾಗ ನಾನು ಹಿಂದಕ್ಕೆ ಹೋಗಿ ಕೂರದೆ ವೇದಿಕೆಯ ಅಂಚಿನಲ್ಲಿ ಬೇಸಿನ ಪಕ್ಕಕ್ಕೆ ನಿಲ್ಲುತ್ತೇನೆ. ಹಲಗೆಯ ನೆಲವಾದರೆ ಅದರ ಮಂದ್ರ ಸ್ವರಗಳು ಅಂಗಾಲಿಗೇ ಬರುತ್ತವೆ, ಮುಂದಿನ ಹಾಡಿಗೆ ಇಳಿಯುವಾಗ ವೇಗ ಮೈಯಲ್ಲಿ ಇದ್ದೇ ಇರುತ್ತದೆ.