ರೇಸ್ ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿದರೆ: ನಾನು ಹುಡುಕುವ ಬಗೆ

ಪೆಟ್ರೋಲ್ ಕಾರಿಗೆ ಕಂಪನಿಯದಲ್ಲದ, ಹೊರಗಿನ ಸೈಲೆನ್ಸರ್ ಹಾಕಿಸಿದ ಮೇಲೆ ಪಟಪಟ ಸಿಡಿಯುತ್ತಿದೆ ಎಂದು ಬಂದವರಿಗೆ ನಾನು ಮೊದಲು ಕೇಳುವುದು, ಸದ್ದು ಬರುವುದು ಯಾವಾಗ ಎಂದು. ರೇಸ್ ಕೊಟ್ಟು ಏರು ಹತ್ತುವಾಗ ಸಿಡಿದರೆ ಮಿಸ್‌ಫೈರ್, ಎಂದರೆ ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಕಿಡಿ ಕೊಡುವ ಪ್ಲಗ್, ಕಾಯಿಲ್ ನೋಡಬೇಕು. ಜೊತೆಗೆ ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿ ಓಡಿಸಲೇಬೇಡಿ: ಉರಿಯದೆ ಉಳಿದ ಪೆಟ್ರೋಲ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸುತ್ತದೆ. ಎಂಜಿನ್ ತಣ್ಣಗಿದ್ದಾಗ ಟಿಕ್‌ಟಿಕ್ ಎಂದು ಬಿಸಿಯಾದಂತೆ ಕಡಿಮೆಯಾದರೆ ಎಂಜಿನ್‌ನಿಂದ ಹೊಗೆ ಹೊರತರುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಮೇಲೆ ಅನುಮಾನ. ರೇಸ್ ಬಿಟ್ಟಾಗ ಮಾತ್ರ ಸಿಡಿದರೆ ಬಹುಪಾಲು ಜಾಯಿಂಟ್ ಲೀಕ್.

ಲೀಕ್ ಎಂದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ. ಒಂದು ಹೊಗೆಯ ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪೈಪಿನ ಒತ್ತಡ ಇಳಿದು, ಸಂದಿಯಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಪೂರ್ತಿ ಉರಿಯದ ಪೆಟ್ರೋಲ್ ಆ ಗಾಳಿ ಸೇರಿ ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ.

ನಮ್ಮ ಬಳ್ಳಾರಿ, ಸಂಡೂರು ಕಡೆಯ ಗಾಡಿಗಳಲ್ಲಿ ಲೀಕ್ ಕಣ್ಣಿಗೇ ಕಾಣುತ್ತದೆ. ಅದಿರಿನ ಕೆಂಪು ಧೂಳು ಪೈಪಿಗೆ ಮೆತ್ತಿರುತ್ತದೆ. ಲೀಕ್ ಇರುವಲ್ಲಿ ಮಾತ್ರ ಧೂಳು ಹಾರಿ, ಫ್ಲೇಂಜಿನ (ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಚಪ್ಪಟೆ ತುದಿಯ) ಅಂಚಿನಿಂದ ಬೀಸಣಿಗೆಯಂತೆ ಕಪ್ಪು ಮಸಿ ಹರಡಿರುತ್ತದೆ. ಆದ್ದರಿಂದ ತೊಳೆಸದೆ ತನ್ನಿ ಎನ್ನುತ್ತೇನೆ.

ಖಾತ್ರಿಗೆ, ಎಂಜಿನ್ ಆಫ್ ಮಾಡಿ, ಪೈಪ್ ತಣ್ಣಗಾದ ಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯನ್ನು ಹಿಂದಿನ ಪೈಪಿಗೆ ಬಟ್ಟೆ ಸುತ್ತಿ ಹಿಡಿದು, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹೊಡೆಯಿರಿ. ಗುಳ್ಳೆ ಎದ್ದಲ್ಲಿ ಲೀಕ್. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಮುಂದಿನ ಆಕ್ಸಿಜನ್ ಸೆನ್ಸರ್ ತಿರುಗಿಸಿ ಕೂರಿಸುವ ಥ್ರೆಡ್ಡನ್ನು ಮರೆಯಬೇಡಿ.

ಆ ಸೆನ್ಸರಿಗಿಂತ ಮುಂಚೆ, ಎಂದರೆ ಎಂಜಿನ್ ಕಡೆಗೆ, ಲೀಕ್ ಇದ್ದರೆ ತೊಂದರೆ ಇಮ್ಮಡಿ. ಹೊರಗಿನ ಗಾಳಿ ಕಂಡ ಸೆನ್ಸರ್ ಪೆಟ್ರೋಲ್ ಕಡಿಮೆ ಎಂದು ಹೇಳುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಾರಿನ ಕಂಪ್ಯೂಟರಿಗೆ ಚುಚ್ಚಿ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ: ರೇಸ್ ಕೊಡದ ಐಡಲ್‌ನಲ್ಲಿ ಪ್ಲಸ್ 10 ಶೇಕಡಾ ದಾಟಿ, 2500 ಆರ್‌ಪಿಎಂನಲ್ಲಿ ಸೊನ್ನೆಯತ್ತ ಬಂದರೆ ಲೀಕ್ ಕಡೆಗೇ ಬೆರಳು. ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಹೋಸ್ ಬಿರುಕಿದ್ದರೂ ಹೀಗೇ ತೋರಿಸುತ್ತದೆ, ಅದನ್ನೂ ನೋಡಿ. ಆರ್‌ಪಿಎಂ ಏರಿದಂತೆ ಟ್ರಿಮ್ ಕೂಡ ಏರಿದರೆ ಫ್ಯುಯೆಲ್ ಪಂಪ್, ಫಿಲ್ಟರ್ ಕಡೆ ಹೋಗಬೇಕು.

ರಿಪೇರಿಯಲ್ಲಿ ಹಳೆ ಪ್ಯಾಕಿಂಗ್ ಮತ್ತೆ ಹಾಕಬೇಡಿ. ಫ್ಲೇಂಜ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ. ನಡುವೆ ಬೆಳಕು ಕಂಡರೆ ಮುಖ ಸೊಟ್ಟಗಾಗಿದೆ, ಹೊಸ ಪ್ಯಾಕಿಂಗ್ ಕೂಡ ನಿಲ್ಲದು, ಮಟ್ಟ ಮಾಡಿಸಲೇಬೇಕು. ಸೆನ್ಸರಿಗಿಂತ ಮುಂಚಿನ ಜಾಯಿಂಟಿಗೆ ಮಾಮೂಲಿ ಸಿಲಿಕೋನ್ ಬಳಿದರೆ ಅದರ ಆವಿ ಸೆನ್ಸರನ್ನೇ ಕೆಡಿಸುತ್ತದೆ. ಒಂದರೊಳಗೊಂದು ಕೂರುವ ಪೈಪುಗಳಿಗೆ ಸುಮಾರು 50 ಮಿ.ಮೀ. ಒಳಸೇರುವಿಕೆ ಇರಲಿ, ಪೈಪನ್ನು ಜಜ್ಜುವ ಯು ಕ್ಲಾಂಪ್ ಬದಲು ಬ್ಯಾಂಡ್ ಕ್ಲಾಂಪ್ ಹಾಕಿ. ರಬ್ಬರ್ ಹ್ಯಾಂಗರ್ ಹರಿದಿದ್ದರೆ ಬದಲಿಸಿ. ಸೈಲೆನ್ಸರಿನ ಭಾರವೆಲ್ಲ ಜಾಯಿಂಟಿಗೆ ಬಿದ್ದರೆ ಅದಿರು ಲಾರಿಗಳು ಕಿತ್ತುಹಾಕಿದ ರಸ್ತೆಯಲ್ಲಿ ಮತ್ತೆ ಸಡಿಲಾಗುತ್ತದೆ.

ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿದ್ದರೆ ಲೀಕ್ ಇಲ್ಲದೆಯೂ ಸಿಡಿಯುತ್ತದೆ. ಅದನ್ನು ವಾಪಸ್ ಹಾಕಿಸಿ. ಅದಿಲ್ಲದ ಗಾಡಿಯ ಹೊಗೆ ಊರಿನವರ ಎದೆಗೇ ಹೋಗುವುದು.

ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಗಾಡಿ ಒಮ್ಮೆ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ನೋಡಿ ಬಿಗಿಯಿರಿ.