ನಾಲ್ಕು ಎಕರೆ ಹನ್ನೆರಡು ಗುಂಟೆಗೆ ಐದು ಕಚೇರಿ: ನನ್ನ ಅನುಭವ

‘ಸಬ್ಸಿಡಿ ನಂಬಿ ಹೊಂಡ ತೋಡಿದವನು ಅದೇ ಹೊಂಡಕ್ಕೆ ಬೀಳ್ತಾನೆ’ ಅಂತ ನಗುತ್ತಿದ್ದವರು ಈಗ ಅರ್ಜಿ ನಮೂನೆ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು, ನಾಲ್ಕು ಎಕರೆ ಹನ್ನೆರಡು ಗುಂಟೆ ಹೊಲಕ್ಕೆ ಸರ್ಕಾರಿ ಸಹಾಯಧನದಲ್ಲಿ ಮಳೆನೀರಿನ ಕೃಷಿ ಹೊಂಡ, ಹನಿ ನೀರಾವರಿ, ಮರ ಮಾಡಿಕೊಂಡ ಬಗೆಯನ್ನು ಬರೆದಿಡುತ್ತಿದ್ದೇನೆ. ಜಾಗ ಶಿರಾ ಸೀಮೆ, ಗರಸು ಬೆರೆತ ಕೆಂಪು ಮಣ್ಣು, ವರ್ಷದ ಮಳೆ ಸುಮಾರು 600 ಮಿ.ಮೀ., ಕೊಳವೆಬಾವಿ ಇದ್ದೂ ಇಲ್ಲದ ಹಾಗೆ. ಪಹಣಿ ಅಂದರೆ ಜಮೀನಿನ ಹಕ್ಕು, ಬೆಳೆಯ ದಾಖಲೆ; ಎಫ್‌ಐಡಿ ಅಂದರೆ ರೈತನ ಜಮೀನನ್ನೆಲ್ಲ ಜೋಡಿಸಿದ ಸರ್ಕಾರಿ ಗುರುತಿನ ಸಂಖ್ಯೆ; ರೈತ ಸಂಪರ್ಕ ಕೇಂದ್ರ ಅಂದರೆ ಕೃಷಿ ಇಲಾಖೆಯ ಹೋಬಳಿ ಕಚೇರಿ. ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಅಂಕಿಗಳು ನೆನಪಿನಿಂದ ಬರೆದವು, ನೂರಿನ್ನೂರು ಆಚೀಚೆ ಇರಬಹುದು.

ಮೊದಲು ತಿಳಿಯಬೇಕಾದ್ದು ಇದು. ದುಡ್ಡು ಕೊಡುವ ಕಡೆ ಸಲಹೆ ಕೇಳಬಾರದು, ಸಲಹೆ ಕೊಡುವ ಕಡೆ ದುಡ್ಡು ಕೇಳಬಾರದು. ಹೋಬಳಿಯ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆ, ಗ್ರಾಮ ಪಂಚಾಯಿತಿ, ವಲಯ ಅರಣ್ಯ ಕಚೇರಿ, ಇವು ದುಡ್ಡಿನ ಬಾಗಿಲುಗಳು. ಅಲ್ಲಿ ಇರುವವರ ತಲೆಯಲ್ಲಿ ಆ ವರ್ಷದ ಗುರಿ ಇರುತ್ತದೆ, ನಿಮ್ಮ ಮಣ್ಣಿರುವುದಿಲ್ಲ. ಮಣ್ಣಿನ ಮಾತಿಗೆ ಕೃಷಿ ವಿಜ್ಞಾನ ಕೇಂದ್ರ. ತುಮಕೂರು ಜಿಲ್ಲೆಯಲ್ಲಿ ಎರಡಿವೆ: ತಿಪಟೂರಿನ ಹತ್ತಿರ ಕೊನೇಹಳ್ಳಿಯದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು, ಹಿರೇಹಳ್ಳಿಯದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಬರಿಗೈಯಲ್ಲಿ ಹೋಗಬೇಡಿ. ರೋಗದ ಎಲೆ, ಬೇರು ಸಮೇತ ಒಂದು ಗಿಡ, ಮಣ್ಣಿನ ವರದಿ, ಹೊಲದ ನಕ್ಷೆ ಒಯ್ದರೆ ಅರ್ಧ ಗಂಟೆ ಕೂತು ಮಾತಾಡುತ್ತಾರೆ. ಸುಮ್ಮನೆ ‘ಏನ್ ಬೆಳೀಬೋದು ಸಾರ್’ ಅಂದರೆ ಕೈಗೆ ಕರಪತ್ರ ಬರುತ್ತದೆ. ಹೋಗಿಬರಲು ಪುರುಸೊತ್ತಿಲ್ಲದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಕೀಟ, ಔಷಧಿಯ ಪ್ರಮಾಣಕ್ಕೆ ಅದು ಸಾಕು, ಯೋಜನೆಯ ವಿಷಯಕ್ಕೆ ಸಾಲದು.

ಕಚೇರಿ ಸುತ್ತುವ ಮುಂಚೆ ಕಾಗದ. ಮೊದಲ ವರ್ಷ ಪೂರ್ತಿ ಹಾಳಾಗಿದ್ದು ಇದರಲ್ಲೇ. ಪಹಣಿಯ 9ನೇ ಕಾಲಂನಲ್ಲಿ ‘ಬಿನ್’ ಅಂತ ತಂದೆಯ ಹೆಸರಿನ ಸಮೇತ ಪೂರ್ತಿ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಎರಡೂ ತಾಳೆಯಾಗುವವರೆಗೆ ಎಫ್‌ಐಡಿಗೆ ಜಮೀನು ಸೇರುವುದಿಲ್ಲ. 11ನೇ ಕಾಲಂನಲ್ಲಿ ಎಂದೋ ತೀರಿಸಿದ ಸಾಲ ಹಾಗೇ ಕೂತಿತ್ತು. ಒಂದು ಹಿಸ್ಸಾ (ಸರ್ವೆ ನಂಬರಿನ ಪಾಲು), 1 ಎಕರೆ 6 ಗುಂಟೆ, ಎಫ್‌ಐಡಿಯಲ್ಲಿ ಸೇರಿಯೇ ಇರಲಿಲ್ಲ. ಹನಿ ನೀರಾವರಿ ಅರ್ಜಿ ಹಾಕಿದಾಗ ಬರೀ 3 ಎಕರೆ 6 ಗುಂಟೆ ತೋರಿಸಿತು. 12ನೇ ಕಾಲಂನ ಬೆಳೆ ಸಮೀಕ್ಷೆ ಇನ್ನೊಂದು ಕಂಟಕ: ಹೊಲದಲ್ಲಿ ಕಡ್ಲೆಕಾಯಿ, ಪಹಣಿಯಲ್ಲಿ ರಾಗಿ. ಬೆಳೆ ವಿಮೆಗೆ ಇದೊಂದೇ ಸಾಕು, ಅರ್ಜಿ ಬಿದ್ದುಹೋಗಲು. ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆಯನ್ನು ರೈತರೇ ಮಾಡಬಹುದು. ಸಮೀಕ್ಷೆಗೆ ನೇಮಿಸಿದ ಊರಿನವರು (ಕಾಗದದಲ್ಲಿ ‘ಖಾಸಗಿ ನಿವಾಸಿ’) ಬಂದು ಮಾಡಲಿ ಅಂತ ಕಾಯಬೇಡಿ. ಇನ್ನು ಬ್ಯಾಂಕ್: ಸಬ್ಸಿಡಿ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಗ್ಯಾಸ್ ಸಬ್ಸಿಡಿಗೆಂದು ಎಂದೋ ತೆರೆದ ಖಾತೆಯಲ್ಲಿ ದುಡ್ಡು ಹೋಗಿ ಕೂತಿದ್ದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಜಮೀನು ಜಂಟಿ ಖಾತೆಯಲ್ಲಿದ್ದರೆ ಪೋಡಿ (ನಿಮ್ಮ ಪಾಲನ್ನು ಅಳೆದು ಬೇರೆ ಮಾಡಿಸುವುದು) ಮೊದಲು. ಸರ್ಕಾರದ ‘ಸಕಾಲ’ ಸೇವೆಯಲ್ಲಿ ಅರ್ಜಿ ಕೊಟ್ಟು, ಅದಕ್ಕೆ ಸಿಗುವ ಜಿಎಸ್‌ಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾವ ಕಚೇರಿಯಲ್ಲೂ ಸ್ವೀಕೃತಿ ಇಲ್ಲದೆ ಕಾಗದ ಬಿಡಬೇಡಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂದ ಅರ್ಜಿಗೆ ಜ್ಯೇಷ್ಠತಾ ಪಟ್ಟಿಯಲ್ಲಿ ಜಾಗ ಇರುವುದಿಲ್ಲ. ಯಾವ ಕಚೇರಿಗೆ ವಾರದ ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಕೆಲಸವಾಗುತ್ತದೆ ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಬರೆದರೆ ಎಲ್ಲರೂ ಅವತ್ತೇ ಬರುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಹೆಚ್ಚಿನವರು ಕೇಳದೇ ಬಿಡುವ ಒಂದು ಕಾಗದ ಇದೆ. ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಯೋಜನೆಯಲ್ಲಿ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು, ತುಮಕೂರೂ ಅದರಲ್ಲಿತ್ತು. ಸರ್ವೆ ನಂಬರಿನ ಪ್ರಕಾರ ಕಾರ್ಡು: ಮಣ್ಣಿನ ಆಳ, ಕಲ್ಲಿನ ಪ್ರಮಾಣ, ಇಳಿಜಾರು, ಯಾವ ಬೆಳೆಗೆ ಎಷ್ಟು ತಕ್ಕದ್ದು, ಎಲ್ಲಿ ಬದು. ನಿಮ್ಮ ಊರು ಅದರಲ್ಲಿ ಬಂದಿದ್ದರೆ ಜಲಾನಯನ ವಿಭಾಗದಲ್ಲಿ ಕೇಳಿ ತೆಗೆಸಿಕೊಳ್ಳಿ. ನನ್ನ ಮೇಲಿನ ತಾಕಿಗೆ ‘ಆಳ 50–75 ಸೆಂ.ಮೀ., ಇಳಿಜಾರು ಶೇ 1–3’ ಅಂತ ಇತ್ತು. ಎರಡಡಿ ಕೆಳಗೆ ಗರಸು ಇರುವ ಜಾಗದಲ್ಲಿ ಅಡಿಕೆ ಇಡಲು ಹೊರಟಿದ್ದೆ. ಆ ಕಾಗದ ಉಳಿಸಿದ ದುಡ್ಡಿಗೆ ಲೆಕ್ಕವಿಲ್ಲ.

ಮಣ್ಣು ಪರೀಕ್ಷೆಯ ಬಗ್ಗೆ ಒಂದೇ ಮಾತು. ಒಂದೇ ತಾಕಿನ ಮಣ್ಣನ್ನು ಎರಡು ಪ್ರಯೋಗಾಲಯಕ್ಕೆ ಕೊಟ್ಟು ನೋಡಿದೆ. ರಂಜಕ, ಪೊಟ್ಯಾಷ್ ಎರಡೂ ಅಜಗಜಾಂತರ. ತಪ್ಪು ಪ್ರಯೋಗಾಲಯದ್ದಲ್ಲ, ಒಂದು ಮಾದರಿಯನ್ನು ಹಳೇ ಗೊಬ್ಬರದ ಚೀಲದ ಮೇಲೆ ಒಣಗಿಸಿದ್ದೆ. ಬಟ್ಟೆಯ ಮೇಲೆ, ನೆರಳಲ್ಲಿ ಒಣಗಿಸಿ. ತಿಪ್ಪೆಯ ಪಕ್ಕ, ಮರದ ಬುಡ, ಬದುವಿನ ಅಂಚು ಬಿಡಿ. ‘ವಿ’ ಆಕಾರದ ಗುಂಡಿ ತೋಡಿ ಆರಿಂಚು ಆಳದವರೆಗಿನ ಮಣ್ಣು, ಎಂಟ್ಹತ್ತು ಕಡೆಯಿಂದ. ತೋಟದ ಬೆಳೆಗಾದರೆ ಅಡಿಗೊಂದರಂತೆ ಮೂರಡಿವರೆಗೆ ಬೇರೆ ಬೇರೆ ಚೀಲ.

ಈಗ ಹೊಂಡ. ಮೊದಲ ಪ್ರಯತ್ನ ಉದ್ಯೋಗ ಖಾತ್ರಿಯಲ್ಲಿ, ಅದು ಮುಗ್ಗರಿಸಿತು. ಮಳೆ ಬರುವ ಮುಂಚೆ ಮುಗಿಸೋಣ ಅಂತ ಕಾರ್ಯಾದೇಶ ಬರುವ ಮೊದಲೇ ಜೆಸಿಬಿ ಇಳಿಸಿದ್ದೇ ತಪ್ಪು. ಖಾತ್ರಿ ಕೆಲಸಕ್ಕೆ ಯಂತ್ರ ಇಳಿಸುವಂತಿಲ್ಲ, ಮೇಲಾಗಿ ಕೆಲಸಕ್ಕೆ ಮುನ್ನ, ನಡುವೆ, ಮುಗಿದ ಮೇಲೆ ಹೀಗೆ ಮೂರು ಹಂತದ ಜಿಯೋಟ್ಯಾಗ್ (ಜಾಗದ ಗುರುತು ಇರುವ) ಫೋಟೊ ಬೇಕು. ಖಾಲಿ ಹೊಲದ ಫೋಟೊ ಇಲ್ಲ, ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ಇಲ್ಲ, ದುಡ್ಡೂ ಇಲ್ಲ. ಹನ್ನೊಂದು ಸಾವಿರ ನೀರಿಗೆ ಹಾಕಿದಂತಾಯಿತು, ಹೊಂಡದಲ್ಲಿ ಆ ನೀರೂ ಇರಲಿಲ್ಲ. ಆಮೇಲೆ ಕೆಲಸಗಳನ್ನು ಹಂಚಿದೆ: ಕೂಲಿ ಹೆಚ್ಚು ಬೇಡುವ ಟ್ರೆಂಚ್ ಮತ್ತು ಬದು ಖಾತ್ರಿಗೆ, ಯಂತ್ರ ಮತ್ತು ಸಾಮಗ್ರಿ ಬೇಡುವ ಹೊಂಡ ಕೃಷಿ ಇಲಾಖೆಯ ಕೃಷಿ ಭಾಗ್ಯ ಯೋಜನೆಗೆ. 2023-24ರಲ್ಲಿ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿ ಇತ್ತು. ಬದು ಕೆಲಸಕ್ಕೆ ಸುಮಾರು 140 ಮಾನವ ದಿನ ಬಿತ್ತು. ಬೇಡಿಕೆ ಕೊಡಬೇಕಾದ್ದು ಬೇಸಿಗೆಯಲ್ಲಲ್ಲ. ಅಕ್ಟೋಬರ್‌ನಿಂದ ಮುಂದಿನ ವರ್ಷದ ಕ್ರಿಯಾ ಯೋಜನೆ ತಯಾರಾಗುವಾಗ ಗ್ರಾಮಸಭೆಯಲ್ಲಿ ಹೆಸರು, ಸರ್ವೆ ನಂಬರ್, ಕಾಮಗಾರಿ ಬರೆಸಬೇಕು. ಒಂದೇ ಹೊಂಡವನ್ನು ಎರಡು ಯೋಜನೆಯಲ್ಲಿ ತೋರಿಸಲು ಹೋಗಬೇಡಿ. ಎಫ್‌ಐಡಿ ಬಂದ ಮೇಲೆ ಎಲ್ಲ ಇಲಾಖೆಗೂ ಎಲ್ಲವೂ ಕಾಣುತ್ತದೆ.

ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಆದರೆ ಅದು ಇಲಾಖೆ ಮೊದಲೇ ಗೊತ್ತುಮಾಡಿದ ಘಟಕ ವೆಚ್ಚದ ಮೇಲೆ, ನೀವು ಖರ್ಚು ಮಾಡಿದ್ದರ ಮೇಲಲ್ಲ. 10, 12, 15, 18, 21 ಮೀಟರ್ ಚೌಕದ ಅಳತೆಗಳಿವೆ, ಆಳ 3 ಮೀಟರ್. ನಾನು 15 ತೆಗೆದುಕೊಂಡೆ. ಗೋಡೆಯ ಇಳಿಜಾರು ಒಂದಕ್ಕೊಂದು (ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಕ್ಕೆ) ಇಟ್ಟರೆ ತಳ 9 ಮೀಟರ್ ಚೌಕ, ಹಿಡಿಯುವ ನೀರು 441 ಘನ ಮೀಟರ್, ಅಂದರೆ ನಾಲ್ಕು ಲಕ್ಷ ನಲವತ್ತು ಸಾವಿರ ಲೀಟರ್. ಕೇಳಲು ದೊಡ್ಡದು. ಒಂದು ಎಕರೆಗೆ 50 ಮಿ.ಮೀ. ಕೊಡಲು ಎರಡು ಲಕ್ಷ ಲೀಟರ್ ಬೇಕು. ಹಾಗಾಗಿ ತುಂತುರು ನೀರಾವರಿಯಲ್ಲಿ 25 ಮಿ.ಮೀ.ನಂತೆ ಕೊಟ್ಟರೆ ನಾಲ್ಕು ಎಕರೆಗೆ ಒಂದೇ ಸಲ. ಕಡ್ಲೆಕಾಯಿ ಊಡು (ಕಾಯಿ ಕಟ್ಟುವ ಸೂಜಿ) ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಆ ಒಂದು ಸಲವೇ ಬೆಳೆ. ಅದಕ್ಕಿಂತ ಹೆಚ್ಚು ಆಸೆ ಇಟ್ಟವರೇ ಹೊಂಡವನ್ನು ಬೈಯುವುದು.

ಜಾಗದ ವಿಷಯ. ಹೊಲದ ತಗ್ಗು ಮೂಲೆ ನೋಡಿ ತೋಡಿದರೆ ಸಾಲದು, ನೀರು ಎಲ್ಲಿಂದ ಒಳಗೆ ಬರುತ್ತದೆ ನೋಡಬೇಕು. ಎರಡು ಜೋರು ಮಳೆಯಲ್ಲಿ ಹೊಲ ನಡೆದು, ನೀರು ಹರಿದ ಜಾಡಿಗೆ ಗೂಟ ಹೊಡೆಯಿರಿ. ನಮ್ಮಲ್ಲಿ 10 ಮಿ.ಮೀ. ಮಳೆ ಪೂರ್ತಿ ಹೊಲದ ಮೇಲೆ ಬಿದ್ದರೆ 174 ಘನ ಮೀಟರ್, ಅದರಲ್ಲಿ ಐದರಲ್ಲೊಂದು ಪಾಲು ಹರಿದರೂ 35. ಸಣ್ಣ ಮಳೆಯಲ್ಲಿ ಅದೂ ಹರಿಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 50 ಮಿ.ಮೀ.ನ ಎರಡು ಹೊಡೆತ ಬಿದ್ದರೆ ಹೊಂಡ ಕೋಡಿ.

ತೋಡುವಾಗ ಮೇಲಿನ ಅಳತೆ ಒಂದಡಿ ಹೆಚ್ಚೇ ಇರಲಿ. ಅಳತೆ ತಪ್ಪಿ 14.6 ಮೀಟರ್ ಆದರೆ ಅಳತೆ ಪುಸ್ತಕದಲ್ಲಿ ಕೆಳಗಿನ ಗಾತ್ರ ಬೀಳುತ್ತದೆ. ಮೇಲಿನ ಮೂರಡಿ ಸಡಿಲ ಮಣ್ಣಾದರೆ ಅಷ್ಟು ಭಾಗದ ಇಳಿಜಾರು ಒಂದೂವರೆಗೆ ಒಂದು ಇಡಿ, ಕೆಳಗೆ ಗರಸು ಸಿಕ್ಕ ಮೇಲೆ ಒಂದಕ್ಕೊಂದು ಸಾಕು. ನೀರು ಒಳಬರುವ ಕಡೆ 1.5 ಮೀಟರ್ ಉದ್ದಗಲ, 1 ಮೀಟರ್ ಆಳದ ಹೂಳು ಗುಂಡಿ ಕಡ್ಡಾಯ. ಅದನ್ನು ಬಿಟ್ಟ ಪಕ್ಕದ ಹೊಲದವರ ಹೊಂಡದಲ್ಲಿ ಎರಡೇ ವರ್ಷಕ್ಕೆ ಮಂಡಿಯುದ್ದ ಕೆಸರು.

ನೀರು ಇಂಗದಂತೆ ಹೊಂಡದೊಳಗೆ ಹಾಸುವ ಪ್ಲಾಸ್ಟಿಕ್ ಹೊದಿಕೆ ಹಾಳೆಯ ಲೆಕ್ಕ ಅಂಗಡಿಯವರಿಗೆ ಬಿಡಬೇಡಿ. 15ಕ್ಕೆ ಆಳದ ಎರಡರಷ್ಟು 6 ಸೇರಿಸಿ 21 ಮೀಟರ್ ಚೌಕ, 441 ಚದರ ಮೀಟರ್ ಅನ್ನುತ್ತಾರೆ. ಸರಿಯಾದದ್ದು: ತಳ 9, ಇಳಿಜಾರಿನ ಉದ್ದ 4.25 ಎರಡು ಕಡೆ, ಅಂಚಿನ ಕಾಲುವೆಯಲ್ಲಿ ಹೂಳಲು ಕಡೆಗೊಂದು ಮೀಟರ್. ಒಟ್ಟು 19.5 ಮೀಟರ್, 380 ಚದರ ಮೀಟರ್. 500 ಮೈಕ್ರಾನ್‌ಗೆ ಚದರ ಮೀಟರಿಗೆ 90 ರೂಪಾಯಿ ಇದ್ದಾಗ ಐದೂವರೆ ಸಾವಿರ ಉಳಿಯಿತು. ಈ ಲೆಕ್ಕ ನಮ್ಮೂರಲ್ಲಿ ಮೊದಲು ಹಾಕಿದವನು ನಾನೇ ಅಂತ ಹೇಳಿಕೊಳ್ಳಲು ಸಂಕೋಚವಿಲ್ಲ.

ಹಾಸುವುದು ಬೆಳಿಗ್ಗೆ ಹತ್ತರೊಳಗೆ. ಮಟಮಟ ಮಧ್ಯಾಹ್ನ ಬಿಗಿಯಾಗಿ ಎಳೆದು ಹಾಸಿದರೆ ರಾತ್ರಿ ತಣ್ಣಗಾಗಿ ಕುಗ್ಗಿ ಬೆಸುಗೆ ಬಾಯಿ ಬಿಡುತ್ತದೆ. ಮೊದಲ ಹಾಳೆ ಹೋಗಿದ್ದು ಹಾಗೆ. ತಳದಲ್ಲಿ ಕಲ್ಲು ಆರಿಸಿ ಜರಡಿ ಹಿಡಿದ ಮಣ್ಣು ಎರಡಿಂಚು. ಅಂಚಿನ ಕಾಲುವೆ ಒಂದೂವರೆ ಅಡಿ ಆಳ. ತುಂಬಿದ ಮೇಲೆ ನೀರು ಹೊರಗೆ ಹೋಗಲು ಅಂಚಿಗಿಂತ ಒಂದಡಿ ಕೆಳಗೆ ಪೈಪು. ಬೇಲಿ ಹಾಕುವ ತನಕ ನೀರು ನಿಲ್ಲಿಸಬೇಡಿ. ನಾಯಿ ಬಿದ್ದು ಉಗುರಿನಲ್ಲಿ ಕೆರೆದರೆ ತೇಪೆ ನಿಲ್ಲುವುದಿಲ್ಲ, ಅದಕ್ಕಿಂತ ಮಕ್ಕಳ ಭಯ ದೊಡ್ಡದು. ನಾಲ್ಕು ಕಡೆಯೂ ಗಂಟು ಹಾಕಿದ ಹಗ್ಗ ಇಳಿಬಿಡಿ.

ಪ್ಲಾಸ್ಟಿಕ್ ಇಲ್ಲದೆ ಮಾಡಬಹುದೇ ಅಂತ ಪಕ್ಕದಲ್ಲೇ ಆರು ಮೀಟರಿನ ಸಣ್ಣ ಗುಂಡಿಯಲ್ಲಿ ಮಣ್ಣು ಆರು ಪಾಲು, ಸಿಮೆಂಟ್ ಒಂದು ಪಾಲು ಕಲಸಿ ಎರಡಿಂಚು ಬಳಿದೆ. ಗೋಡೆ ನಿಂತಿತು, ಮೂಲೆಗಳು ಸೀಳಿದವು. ಮೂಲೆ ಗುಂಡಗೆ ಮಾಡಿ, ಹತ್ತು ದಿನ ಒದ್ದೆ ಗೋಣಿ ಹೊದಿಸಿದ್ದರೆ ಬಾಳುತ್ತಿತ್ತೇನೋ. ಮೀನೂ ಬಿಟ್ಟು ನೋಡಿದೆ, ಕಾಟ್ಲಾ ಮತ್ತು ರೋಹು. ಫೆಬ್ರವರಿಗೆ ನೀರು ಸೊಂಟಕ್ಕಿಂತ ಕೆಳಗಿಳಿಯಿತು, ಮೀನು ಕಾಲು ಕೆ.ಜಿ. ದಾಟಲಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿ.ಮೀ. ಆವಿಯಾದರೆ ಈ ಗಾತ್ರದಲ್ಲಿ ಸಾವಿರದಿಂದ ಸಾವಿರದಿನ್ನೂರು ಲೀಟರ್ ನಿತ್ಯ ಹೋಗುತ್ತದೆ. ಅದನ್ನು ಕಡಿಮೆ ಮಾಡಲು ಒಂದು ಉಪಾಯ ಮಾಡಿದ್ದೇನೆ, ಇನ್ನೊಂದು ಬೇಸಿಗೆ ಕಳೆಯಲಿ, ಆಮೇಲೆ ಹೇಳುತ್ತೇನೆ.

ಹೊಂಡದ ಖರ್ಚು: ಜೆಸಿಬಿ 26 ಗಂಟೆ, 34 ಸಾವಿರ ಹತ್ತಿರ. ಹಾಳೆ 34. ಕೈಗೆಲಸ 8. ಬೇಲಿ 15. ಒಟ್ಟು 91 ಸಾವಿರದ ಆಸುಪಾಸು. ಬಂದದ್ದು 58 ಸಾವಿರ, ಅದೂ ಕೆಲಸ ಮುಗಿದು ಐದು ತಿಂಗಳಿಗೆ. ಶೇ 80 ಅಂತ ನಂಬಿ ಕೈಯಲ್ಲಿ 20 ಸಾವಿರ ಇಟ್ಟುಕೊಂಡು ಇಳಿದರೆ ನಡುನೀರು. ಪೂರ್ತಿ ಮೊತ್ತ ಮೊದಲು ನಿಮ್ಮದೇ ಹೋಗಬೇಕು. ಸಹಕಾರ ಸಂಘದ ಸಾಲಕ್ಕೆ ಅರ್ಜಿಯನ್ನು ಹೊಂಡದ ಅರ್ಜಿಯ ಜೊತೆಗೇ ಕೊಡಿ, ಕೈಸಾಲದ ಬಡ್ಡಿ ಕಟ್ಟಿದರೆ ಸಬ್ಸಿಡಿ ಅಲ್ಲಿಗೇ ಸರಿ.

ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆ, 2 ಹೆಕ್ಟೇರ್ ತನಕ ಶೇ 90. ಅರ್ಜಿ ಏಪ್ರಿಲ್‌ನಲ್ಲೇ. ಜನವರಿಯಲ್ಲಿ ಹೋದರೆ ಅನುದಾನ ಮುಗಿದಿರುತ್ತದೆ. ಒಮ್ಮೆ ಪಡೆದರೆ ಅದೇ ಜಮೀನಿಗೆ ಏಳು ವರ್ಷ ಇಲ್ಲ, ಆದ್ದರಿಂದ ಅರ್ಧಂಬರ್ಧ ವಿನ್ಯಾಸಕ್ಕೆ ಸಹಿ ಹಾಕಬೇಡಿ. ಪೈಪು ಬಂದ ದಿನ ಸುರುಳಿ ಎಣಿಸಿ, ಲ್ಯಾಟರಲ್ (ಗಿಡದ ಸಾಲಿಗೆ ಹೋಗುವ ಸಣ್ಣ ಪೈಪು) ಮೇಲೆ ಐಎಸ್‌ಐ ಗುರುತು ನೋಡಿ, ಬಿಲ್ಲಿನ ಮೀಟರಿಗೆ ತಾಳೆ ಹಾಕಿ. ನನಗೆ ಬಂದದ್ದರಲ್ಲಿ 16 ಮಿ.ಮೀ. ಲ್ಯಾಟರಲ್ 400 ಮೀಟರ್ ಕಡಿಮೆ ಇತ್ತು. ಕೇಳಿದ್ದಕ್ಕೆ ಮರುದಿನವೇ ಬಂತು. ಹೊಂಡದ ನೀರಿಗೆ ಬರೀ ಜಾಲರಿ ಫಿಲ್ಟರ್ ಸಾಲದು, ಪಾಚಿ ಕಟ್ಟುತ್ತದೆ. ಮರಳು ಫಿಲ್ಟರ್ ಹಾಕಿಸಿ.

ಮರಗಳಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ನೋಂದಣಿ ಶುಲ್ಕ 10 ರೂಪಾಯಿ, ಹೆಕ್ಟೇರಿಗೆ ಗರಿಷ್ಠ 400 ಗಿಡ. ನಾನು ಸೇರಿದಾಗ ಬದುಕಿದ ಪ್ರತಿ ಗಿಡಕ್ಕೆ ಮೂರು ವರ್ಷ 35, 40, 50 ರೂಪಾಯಿ ಇತ್ತು. ನೀಲಗಿರಿ, ಅಕೇಶಿಯಾ, ಸರ್ವೆ ಮರ, ಸಿಲ್ವರ್ ಓಕ್, ತೆಂಗು, ಅಡಿಕೆ, ಕಸಿ ಮಾವು ಇದರಲ್ಲಿ ಸೇರುವುದಿಲ್ಲ. ಹೆಬ್ಬೇವು, ಹುಣಸೆ, ನೇರಳೆ, ಬೇವು, ಹೊಂಗೆ ಸೇರಿ 420 ಇಟ್ಟೆ. ಮೊದಲ ಎಣಿಕೆಗೆ 290, ಆಮೇಲೆ 270, ಕೊನೆಗೆ 262. ಒಟ್ಟು 34 ಸಾವಿರ ಬಂತು, ಗುಂಡಿ, ಕಾವಲು, ಬೇಸಿಗೆ ನೀರಿಗೆ 28 ಸಾವಿರ ಹೋಗಿತ್ತು. ಸತ್ತ ಗಿಡಗಳಲ್ಲಿ ಮುಕ್ಕಾಲು ಪಾಲು ಸಣ್ಣ ಚೀಲದವು. ರೂಪಾಯಿ ಉಳಿಸಲು 5×8 ಇಂಚಿನ ಚೀಲದ ಗಿಡ ತಂದಿದ್ದೆ, 8×12 ಚೀಲದ್ದು ಆಗ ಎರಡು ಮೂರು ರೂಪಾಯಿ ಹೆಚ್ಚಿತ್ತಷ್ಟೆ. ಗೆದ್ದಲಿಗೆ ಗುಂಡಿಗೆ ಬೇವಿನ ಹಿಂಡಿ ಕಾಲು ಕೆ.ಜಿ. ಹಾಕಿದ ಸಾಲು ಉಳಿಯಿತು, ಹಾಕದ ಸಾಲು ಉಳಿಯಲಿಲ್ಲ.

ನರ್ಸರಿಗೆ ಮೇ ಕೊನೆಯಲ್ಲೇ ಒಮ್ಮೆ ಹೋಗಿ ಸಾಲು ನೋಡಿ ಬನ್ನಿ, ಜೂನ್‌ನಲ್ಲಿ ಎಲ್ಲರೂ ಟ್ರ್ಯಾಕ್ಟರ್ ತಂದು ನಿಲ್ಲಿಸಿದ ಮೇಲೆ ಉಳಿಯುವುದು ಬೇರು ಚೀಲ ಸೀಳಿ ನೆಲಕ್ಕಿಳಿದ ಗಿಡಗಳು. ಅವನ್ನು ಕಿತ್ತು ತಂದರೆ ಹದಿನೈದು ದಿನ ಹಸಿರಾಗಿದ್ದು ಒಣಗುತ್ತವೆ. ಚೀಲ ಎತ್ತಿದಾಗ ಸಲೀಸಾಗಿ ಕೈಗೆ ಬರಬೇಕು, ಬಾರದಿದ್ದರೆ ಪಕ್ಕದ ಸಾಲು.